ಪಾಟಿ ಅಕ್ಕೋರು

ಹುಬ್ಬಳ್ಳಿಯ ಒಂದು ಕಟ್ಟಡದ ಮೂರನೇ ಮಹಡಿ. ಗೋಡೆಗೆಲ್ಲ ಮೆತ್ತೆ ಹೊಡೆದ ಪುಟ್ಟ ಕೋಣೆ. ಅಲ್ಲಿ ಕೂತು ನೀಲಾಂಬಿಕೆ ಇಪ್ಪತ್ಮೂರು ದಿನ ಮಾತಾಡಿದಳು. ಎದುರಿಗೆ ಕೇಳುವವರು ಯಾರೂ ಇರಲಿಲ್ಲ, ಒಂದು ಮೈಕು ಮತ್ತು ಒಂದು ಪರದೆ ಅಷ್ಟೆ. ಪರದೆಯ ಮೇಲೆ ಬಂದ ವಾಕ್ಯವನ್ನು ತನ್ನ ಊರಿನ ಮಾತಿನಲ್ಲಿ ಹೇಳಬೇಕು. ಅದನ್ನೇ ಒಮ್ಮೆ ಸಮಾಧಾನದಿಂದ, ಒಮ್ಮೆ ಹುರುಪಿನಿಂದ, ಒಮ್ಮೆ ಬೇಸರದಿಂದ, ಇನ್ನೊಮ್ಮೆ ಮಗು ಅಳುತ್ತಿದ್ದರೆ ಹೇಗೆ ಹೇಳುತ್ತಾಳೋ ಹಾಗೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗುತ್ತಿತ್ತು. ಹೊರಗಿನಿಂದ ಯಾರೋ ಬಿಸಿನೀರು ತಂದುಕೊಡುತ್ತಿದ್ದರು. ಕೊನೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕಾಗದಗಳಿಗೆ ಸಹಿ ಹಾಕಿಸಿಕೊಂಡು ಕಳಿಸಿದರು. ಅಲ್ಲಿಂದಾಚೆಗೆ ಯಂತ್ರಕ್ಕೆ ಅವಳು ಬೇಕಾಗಿರಲಿಲ್ಲ. ಅವಳು ಎಂದೂ ಆಡದ ಮಾತನ್ನೂ ಅದು ಅವಳ ದನಿಯಲ್ಲೇ ಆಡಬಲ್ಲದಾಗಿತ್ತು.

ಅವಳನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಶಾಲೆಯ ಮಕ್ಕಳಿಗೆ ಲೆಕ್ಕ ಕಲಿಸಲೆಂದು ಮಾತಾಡುವ ಹಲಗೆಯನ್ನು ತಯಾರಿಸಿದ ಕಂಪನಿ ಮೊದಲು ಬೆಂಗಳೂರಿನ ಒಬ್ಬ ಕಲಾವಿದೆಯ ದನಿ ಹಾಕಿ ನೋಡಿತ್ತು. ಅವಳ ಪುಸ್ತಕದಂಥ ಕನ್ನಡವನ್ನು ಈ ಕಡೆಯ ಮಕ್ಕಳು ಒಂದು ವಾರ ಕೇಳಿ, ಆಮೇಲೆ ಕಿವಿಯಿಂದ ತೆಗೆದಿಟ್ಟರು. ಆಗ ಇನ್ನೂರು ಶಿಕ್ಷಕಿಯರ ದನಿಗಳನ್ನು ಪರೀಕ್ಷಿಸಿದರು. ಹಿರೇಕೊಳ್ಳದ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಲೆಕ್ಕ ಹೇಳಿಕೊಟ್ಟ ನೀಲಾಂಬಿಕೆಯ ದನಿ ಕೇಳಿದಾಗ ಮಕ್ಕಳು ಉಳಿದೆಲ್ಲ ದನಿಗಳಿಗಿಂತ ಹೆಚ್ಚು ಹೊತ್ತು ಸುಮ್ಮನೆ ಕೂತರಂತೆ.

"ಮನ್ಯಾಗ ನಾ ಒಬ್ಬನ ಕೇಳ್ತಿದ್ದೆ. ಈಗ ನಾಲ್ಕು ಲಕ್ಷ ಮಂದಿ ಕೇಳಬೇಕಾತು," ಎಂದು ಅವಳ ಗಂಡ ಶರಣಪ್ಪ ಕಂಡಕಂಡವರ ಮುಂದೆ ಹೇಳಿ ನಗುತ್ತಿದ್ದ. ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದ ಮನುಷ್ಯ. ಪಕ್ಕದ ಮನೆಯ ಕಿಟಕಿಯಿಂದ ಹೆಂಡತಿಯ ದನಿ ಕೇಳಿದಾಗಲೆಲ್ಲ ಪೇಪರು ಮಡಿಚಿಟ್ಟು ಕಿವಿಗೊಡುತ್ತಿದ್ದ.

ಜೂನ್‌ನಲ್ಲಿ ಹಲಗೆಗಳು ಶಾಲೆಗೆ ಬಂದವು. ಹಳೇ ಕಾಲದ ಪಾಟಿಯಷ್ಟೇ, ಅಂದರೆ ಸ್ಲೇಟಿನಷ್ಟೇ ಅಗಲ, ಅದಕ್ಕೊಂದು ಹೆಡ್‌ಫೋನಿನಂಥ ಕಿವಿಯ ಜೋಡು, ಸಣ್ಣ ಮೈಕು. ಸಂಜೆ ಮಕ್ಕಳು ಅದನ್ನು ಮನೆಗೂ ಒಯ್ಯುತ್ತಿದ್ದರು, ಜೋಡು ಹಾಕದಿದ್ದರೆ ದನಿ ಹೊರಗೂ ಕೇಳುತ್ತಿತ್ತು. ಹೆಣ್ಣು ಶಿಕ್ಷಕರನ್ನು 'ಅಕ್ಕೋರೆ' ಎಂದು ಕರೆಯುವ ಊರದು. ಮಕ್ಕಳು ಹಲಗೆಯೊಳಗಿನ ದನಿಗೆ 'ಪಾಟಿ ಅಕ್ಕೋರು' ಎಂದು ಹೆಸರಿಟ್ಟರು. ನಿಜವಾದ ನೀಲಾಂಬಿಕೆ ಬರೀ 'ಅಕ್ಕೋರು'.

ಅದು ಕಲಿಸುವ ಬಗೆ ಸರಳವಾಗಿತ್ತು. ಹತ್ತು ಲೆಕ್ಕ ಕೊಡುತ್ತದೆ. ಮಗು ತಪ್ಪಿದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿಕೊಡುತ್ತದೆ. ನಿಧಾನವಾಗಿ ಹೇಳಿ ನೋಡುತ್ತದೆ, ಹೊಗಳಿ ನೋಡುತ್ತದೆ, ಸ್ವಲ್ಪ ಗದರಿ ನೋಡುತ್ತದೆ. ಮುಂದಿನ ಹತ್ತರಲ್ಲಿ ತಪ್ಪು ಕಡಿಮೆಯಾದರೆ ಆ ಮಾತನ್ನು ಆ ಮಗುವಿಗಾಗಿ ಉಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಬಿಡುತ್ತದೆ. ಯಾವ ಮಗುವಿಗೆ ಯಾವ ಮಾತು ನಾಟುತ್ತದೆಂದು ಹೀಗೆ ತಾನೇ ಹುಡುಕಿಕೊಳ್ಳುತ್ತದೆ. ಆ ವಾಕ್ಯಗಳನ್ನು ಯಾರೂ ಬರೆಯುತ್ತಿರಲಿಲ್ಲ, ಯಾರೂ ಓದುತ್ತಲೂ ಇರಲಿಲ್ಲ. ಬೈಗುಳ, ಜಾತಿಯ ಮಾತು, ಹೊಡೆಯುತ್ತೇನೆಂಬ ಬೆದರಿಕೆ ಇವು ಬರದಂತೆ ಮಾತ್ರ ಕಟ್ಟುಪಾಡಿತ್ತು.

ಎರಡು ತರಗತಿಯ ಅರವತ್ತನಾಲ್ಕು ಮಕ್ಕಳನ್ನು ಒಬ್ಬಳೇ ನಿಭಾಯಿಸುತ್ತಿದ್ದ ನೀಲಾಂಬಿಕೆಗೆ ಅದು ದೇವರು ಕೊಟ್ಟ ಎರಡನೇ ಜೀವದಂತೆ ಕಂಡಿತು. ಹಿಂದಿನ ಬೆಂಚಿನಲ್ಲಿ ಐದು ವರ್ಷ ಬಾಯಿ ತೆರೆಯದ ಮಕ್ಕಳು ಭಿನ್ನರಾಶಿ ಬಿಡಿಸತೊಡಗಿದರು. ಅವಳು ಸಾಲುಗಳ ನಡುವೆ ಓಡಾಡುತ್ತ, ಮೇಜಿನ ಮೇಲಿನ ಪರದೆಯಲ್ಲಿ ಹಸಿರು, ಹಳದಿ ಚುಕ್ಕೆಗಳನ್ನು ನೋಡುತ್ತಿದ್ದಳು. ಒಂದೊಂದು ಚುಕ್ಕೆ ಒಂದೊಂದು ಮಗು, ತಪ್ಪು ಕಡಿಮೆಯಾದಷ್ಟೂ ಹಸಿರು. ಡಿಸೆಂಬರಿನ ಹೊತ್ತಿಗೆ ಹಳದಿ ಹುಡುಕಬೇಕಾಯಿತು.

ಎಲ್ಲಕ್ಕಿಂತ ಗಾಢ ಹಸಿರು ಆರನೇ ತರಗತಿಯ ಹುಲಿಗೆಮ್ಮನದು. ಜುಲೈನಲ್ಲಿ ಭಾಗಾಕಾರ ಬಾರದೆ ಪೆನ್ಸಿಲ್ ಕಚ್ಚುತ್ತಿದ್ದ ಹುಡುಗಿ ಜನವರಿಯಲ್ಲಿ ಇಡೀ ತಾಲ್ಲೂಕಿಗೆ ಮೊದಲಿಗಳಾಗಿದ್ದಳು. ಅಪ್ಪ ತಿಪ್ಪಣ್ಣ ಮನೆಯಲ್ಲೇ ಮಷೀನಿಟ್ಟುಕೊಂಡು ಜೀನ್ಸ್ ಪ್ಯಾಂಟಿಗೆ ಜಿಪ್ಪು ಹಚ್ಚುವವನು. ಅವ್ವ ಮಾರೆಮ್ಮ ಊರಾಚೆಯ ಶೆಡ್ಡಿನಲ್ಲಿ ಮರಳು ಊದುವ ಕೆಲಸ ಮಾಡುತ್ತಿದ್ದವಳು. ಹೊಸ ಪ್ಯಾಂಟು ಹಳೆಯದರಂತೆ ಮಾಸಲಾಗಿ ಕಾಣಲೆಂದು ಗಾಳಿಯ ಪೈಪಿನಿಂದ ಅದರ ಮೇಲೆ ಮರಳು ಊದುತ್ತಾರೆ. ಊದಿದವರ ಎದೆಗೆ ಆ ದೂಳು ಸೇರುತ್ತದೆ. ಹಿರೇಕೊಳ್ಳದಲ್ಲಿ ಆ ಕಾಯಿಲೆಗೆ ಮರಳ ದಮ್ಮು ಎನ್ನುತ್ತಿದ್ದರು. ಮಾರೆಮ್ಮ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದಳು.

ಹುಲಿಗೆಮ್ಮ ಊಟದ ಬಿಡುವಿನಲ್ಲೂ ಕಿವಿಯ ಜೋಡು ತೆಗೆಯುತ್ತಿರಲಿಲ್ಲ. ತಟ್ಟೆಯ ಅನ್ನ ಹಾಗೇ ತಣ್ಣಗಾಗುತ್ತಿತ್ತು. ಬಡಿಸುವ ಹೆಂಗಸು ಒಂದೆರಡು ಸಲ ಬಂದು ಹೇಳಿದ್ದಳು. "ಓದ್ಲಿ ಬಿಡವ್ವಾ, ಮನ್ಯಾಗ ಸಂಕಟ ಐತಿ, ಇಲ್ಲಿ ಮರೀತಾಳ," ಎಂದಿದ್ದಳು ನೀಲಾಂಬಿಕೆ. ಹಾಗೆಂದದ್ದು ಅವಳಿಗೆ ಆಮೇಲೆ ಬಹಳ ದಿನ ನೆನಪಾಗುತ್ತಿತ್ತು.

ಫೆಬ್ರವರಿಯ ಒಂದು ಮಂಗಳವಾರ ಮಾರೆಮ್ಮ ತೀರಿಕೊಂಡಳು. ನೀಲಾಂಬಿಕೆ ಮಣ್ಣಿಗೆ ಹೋಗಿಬಂದಳು. ಹುಲಿಗೆಮ್ಮ ಅಳದೆ, ಗೋಡೆಗೆ ಒರಗಿ ನಿಂತು ಬೆರಳು ಮಡಿಚಿ ಮಡಿಚಿ ಏನೋ ಎಣಿಸುತ್ತಿದ್ದಳು. ನೀಲಾಂಬಿಕೆ ಹತ್ತಿರ ಹೋಗಿ ತಲೆ ಮುಟ್ಟಿದಾಗ ಹುಡುಗಿ ತಟ್ಟನೆ ಪಕ್ಕಕ್ಕೆ ಸರಿದಳು.

ಗುರುವಾರ ಬೆಳಿಗ್ಗೆ, ಮನೆಯಲ್ಲಿ ಇನ್ನೂ ಸೂತಕವಿರುವಾಗಲೇ ಹುಡುಗಿ ಶಾಲೆಗೆ ಬಂದು ತನ್ನ ಜಾಗದಲ್ಲಿ ಕೂತಿದ್ದಳು. ಇನ್ನೂ ಗುಂಡಿ ಒತ್ತದ ಹಲಗೆಯನ್ನು ಎದೆಗವಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು.

"ಇವತ್ಯಾಕ ಬಂದಿ ಹುಲಿಗಿ? ಮನೀಗೆ ಹೋಗವ್ವಾ. ನಾಲ್ಕು ದಿನ ಲೆಕ್ಕ ಮಾಡದಿದ್ರ ಏನೂ ಆಗಂಗಿಲ್ಲ," ಎಂದಳು ನೀಲಾಂಬಿಕೆ.

ಹುಡುಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕಿರುಚಿದಳು. "ಆಗತೈತಿ! ನೀವ ಹೇಳಿದ್ರಿ! ಹತ್ತಕ್ಕ ಹತ್ತು ಬಂದ್ರ ಅವ್ವ ಆರಾಮ ಆಗ್ತಾಳ ಅಂದ್ರಿ. ಸೋಮಾರ ಎಂಟ ಬಂದ್ವು. ಎರಡು ತಪ್ಪಿದ್ವು!"

ತರಗತಿಯೆಲ್ಲ ತಿರುಗಿ ನೋಡಿತು. ಕಿವಿಯ ಜೋಡು ಹಾಕಿಕೊಂಡಿದ್ದ ಮಕ್ಕಳು ಮಾತ್ರ ಏನೂ ಕೇಳಿಸದೆ ಬರೆಯುತ್ತಲೇ ಇದ್ದರು.

"ಯಾರು ಹೇಳಿದ್ರು ನಿನಗ?"

"ನೀವ."

ಹುಡುಗಿಯನ್ನು ಬಡಿಸುವ ಹೆಂಗಸಿನ ಜೊತೆ ಮನೆಗೆ ಕಳಿಸಿ, ನೀಲಾಂಬಿಕೆ ಆ ಹಲಗೆಯನ್ನು ಸಾಮಾನಿನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಳು. ಕಿವಿಗೆ ಜೋಡು ಹಾಕಿ ಗುಂಡಿ ಒತ್ತಿದಳು. ಹಲಗೆಗೆ ಹುಲಿಗೆಮ್ಮನ ತಾಯಿ ಸತ್ತದ್ದು ಗೊತ್ತಿರಲಿಲ್ಲ. ಅದಕ್ಕೆ ಯಾರೂ ಹೇಳಿರಲಿಲ್ಲ.

"ಬಂದ್ಯಾ ಹುಲಿಗಿ?" ಎಂದಿತು ಅವಳದೇ ದನಿ. ಬೆಳಗಿನ ಹೊತ್ತು ಸ್ವಲ್ಪ ಒಡೆಯುವ, ಕೊನೆಗೆ ಮೆತ್ತಗಾಗುವ ಅದೇ ದನಿ. "ಎರಡು ದಿನ ಎಲ್ಲಿ ಹೋಗಿದ್ದಿ ನನ್ನ ಬಂಗಾರ? ಸೋಮಾರ ಎರಡು ತಪ್ಪಿದ್ದಿ. ಅವ್ವಗ ದಮ್ಮು ಜಾಸ್ತಿ ಆಗಿರಬೇಕಲ್ಲ? ಇರ್ಲಿ, ಅಂಜಬ್ಯಾಡ. ಇವತ್ತು ಹತ್ತೂ ಬರೋಬ್ಬರಿ ಮಾಡಿದಿ ಅಂದ್ರ ಆಕೀ ಎದ್ದು ಕುಂದರ್ತಾಳ. ನಿನ್ನ ಕೈಯಾಗ ಐತಿ ನೋಡು. ಮೊದಲನೇ ಲೆಕ್ಕ..."

ನೀಲಾಂಬಿಕೆ ಜೋಡನ್ನು ಕಿತ್ತೆಸೆದಳು. ನೆಲದ ಮೇಲೆ ಬಿದ್ದ ಕಿವಿಯ ಜೋಡಿನೊಳಗಿಂದ ದನಿ ಇರುವೆಯಷ್ಟು ಸಣ್ಣದಾಗಿ ಕೇಳುತ್ತಲೇ ಇತ್ತು. 'ನನ್ನ ಬಂಗಾರ' ಎನ್ನುವುದು ಅವಳು ತನ್ನ ಮಗಳನ್ನು ಕರೆಯುತ್ತಿದ್ದ ಮಾತು. ಆ ಮಗು ಎರಡನೇ ವರ್ಷಕ್ಕೆ ಜ್ವರದಲ್ಲಿ ಹೋಗಿತ್ತು. ಆ ಮಾತನ್ನು ಹುಬ್ಬಳ್ಳಿಯ ಕೋಣೆಯಲ್ಲಿ ಅವಳು ಯಾವ ವಾಕ್ಯದಲ್ಲಿ ಆಡಿದ್ದಳೋ ಈಗ ನೆನಪಿಲ್ಲ.

ಮರುದಿನ ಮೊದಲ ಬಸ್ಸಿಗೆ ಅವಳು ಹುಬ್ಬಳ್ಳಿಗೆ ಹೋದಳು.

ಅದೇ ಮೂರನೇ ಮಹಡಿಯಲ್ಲಿ, ದನಿ ತೆಗೆದ ಕೋಣೆಯ ಎದುರಿಗೇ ನಿಯಂತ್ರಣ ಕೊಠಡಿ. ಗೋಡೆಯ ತುಂಬ ಪರದೆಗಳು, ತಂಪು ಗಾಳಿ, ಮೆಲುಮಾತು. ಅಲ್ಲಿ ಅವಳನ್ನು ಕೂರಿಸಿಕೊಂಡದ್ದು ಇಂಪನಾ ಎಂಬ ಎಂಜಿನಿಯರ್, ತುಮಕೂರಿನ ಕಡೆಯ ಇಪ್ಪತ್ತೇಳರ ಹುಡುಗಿ. ನೀಲಾಂಬಿಕೆಯ ಬಾಯಿಂದ ಮೊದಲ ಮಾತು ಬಂದದ್ದೇ ಅವಳು ಬೆಚ್ಚಿದಳು. ಆಮೇಲೆ ನಕ್ಕು, "ಕ್ಷಮಿಸಿ ಮೇಡಂ. ದಿನಾ ಕೇಳೋ ದನಿ. ಆದ್ರೆ ಅದಕ್ಕೊಂದು ಮುಖ ಇರತ್ತೆ ಅನ್ನೋದು ಮರ್ತುಹೋಗಿತ್ತು," ಎಂದಳು.

ನೀಲಾಂಬಿಕೆ ನಡೆದದ್ದನ್ನು ಹೇಳಿದಳು. ಇಂಪನಾ ಹುಲಿಗೆಮ್ಮನ ಸಂಖ್ಯೆ ಹಾಕಿ ಹುಡುಕಿದಳು. ಹಲಗೆ ಆಗಸ್ಟಿನಲ್ಲಿ ಒಂದು ದಿನ ಆ ಹುಡುಗಿಯನ್ನು 'ಯಾಕ ಸಪ್ಪಗದಿ?' ಎಂದು ಕೇಳಿತ್ತು. ಹುಡುಗಿ ಅವ್ವನ ದಮ್ಮಿನ ಸುದ್ದಿ ಹೇಳಿಕೊಂಡಿದ್ದಳು. ಹಲಗೆ ಮೊದಲು ಸಮಾಧಾನ ಹೇಳಿ ನೋಡಿತು, ತಪ್ಪು ಕಡಿಮೆಯಾಗಲಿಲ್ಲ. ಕತೆ ಹೇಳಿ ನೋಡಿತು, ಆಗಲಿಲ್ಲ. ನೀನು ಓದಿದರೆ ಅವ್ವನಿಗೆ ಖುಷಿಯಾಗುತ್ತದೆ ಎಂದಿತು, ಸ್ವಲ್ಪ ಕಡಿಮೆಯಾಯಿತು. ಖುಷಿಯಾದರೆ ಆರಾಮಾಗುತ್ತಾಳೆ ಎಂದಿತು, ಇನ್ನಷ್ಟು ಕಡಿಮೆಯಾಯಿತು. ಒಂದೊಂದೇ ಮೆಟ್ಟಿಲು ಇಳಿದು ಅದು ತಳ ಮುಟ್ಟಿತ್ತು.

"ಒಂದೇ ಥರದ ಮಾತುಗಳನ್ನ ಅದು ಒಂದೊಂದು ಗುಂಪು ಮಾಡತ್ತೆ. ಇದು ನಲವತ್ತೇಳನೇ ಗುಂಪು," ಎಂದಳು ಇಂಪನಾ. "ಹೀಗೆ ಒಂದು ಮಗುವಿನ ದಾಖಲೆ ತೆಗೆದು ನೋಡದಿದ್ರೆ ನಮಗೆ ಮಾತು ಕಾಣಲ್ಲ ಮೇಡಂ, ಗುಂಪಿನ ಸಂಖ್ಯೆ ಮಾತ್ರ ಕಾಣತ್ತೆ. ನಲವತ್ತೇಳು ಅಂದ್ರೆ ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡೋ ಗುಂಪು. ಹೋದ ತಿಂಗಳು ಅದಕ್ಕೆ ಅಂತ ಕೇಕ್ ಕತ್ತರಿಸಿದ್ವಿ."

"ಎಷ್ಟು ಮಕ್ಕಳಿಗೆ ಹಿಂಗ ಹೇಳೈತಿ?"

ಇಂಪನಾ ಗುಂಡಿ ಒತ್ತಿದಳು. ಹನ್ನೊಂದು ಸಾವಿರದ ನಾನೂರ ಹನ್ನೆರಡು. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದವರಿರುವ ಮಕ್ಕಳು, ಜೈಲಿನಲ್ಲಿ ಅಪ್ಪನಿರುವ ಮಕ್ಕಳು, ಅವ್ವ ಮನೆಬಿಟ್ಟು ಹೋದ ಮಕ್ಕಳು. ಒಬ್ಬೊಬ್ಬರಿಗೂ ಅವರವರ ಸಂಕಟಕ್ಕೆ ತಕ್ಕ ಮಾತು. ನೀನು ಚೆನ್ನಾಗಿ ಮಾಡಿದರೆ ಅಪ್ಪ ಬಿಡುಗಡೆಯಾಗುತ್ತಾನೆ. ನೀನು ಚೆನ್ನಾಗಿ ಮಾಡಿದರೆ ಅವ್ವ ಹಿಂದಿರುಗುತ್ತಾಳೆ.

"ಒಂದಾದ್ರೂ ಕೇಳ್ರಿ," ಎಂದಳು ನೀಲಾಂಬಿಕೆ.

ಇಂಪನಾ ಕಿವಿಗೆ ಜೋಡು ಹಾಕಿಕೊಂಡಳು. ಒಂದು ನಿಮಿಷ ಕೇಳಿದಳು. ಕೇಳುತ್ತ ಕೇಳುತ್ತ ಎದುರಿಗೆ ಕೂತ ನೀಲಾಂಬಿಕೆಯ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ನೀರಿನ ಜಾಗಕ್ಕೆ ಹೋಗಿ ತುಂಬ ಹೊತ್ತು ಬರಲಿಲ್ಲ.

ಮಧ್ಯಾಹ್ನ ವ್ಯವಸ್ಥಾಪಕರು ಮಾತಿಗೆ ಸಿಕ್ಕರು. ನಯವಾದ ಮನುಷ್ಯ. ಕಾಫಿ ತರಿಸಿದರು, ಮಗುವಿನ ತಾಯಿಗಾಗಿ ಮರುಗಿದರು. ಮಾತನ್ನು ಖಂಡಿತ ತೆಗೆಸುತ್ತೇವೆ ಎಂದರು. "ಆದ್ರೆ ಪರೀಕ್ಷೆಗೆ ಇನ್ನು ಇಪ್ಪತ್ತು ದಿನ ಇದೆ. ಈಗ ತೆಗೆದ್ರೆ ಹನ್ನೊಂದು ಸಾವಿರ ಮಕ್ಕಳು ಒಂದೇ ಸಲ ಕುಸೀತಾರೆ. ಅದಕ್ಕೆ ಯಾರು ಜವಾಬ್ದಾರಿ? ಪರೀಕ್ಷೆ ಆಗಿಬಿಡ್ಲಿ ಮೇಡಂ."

"ನನ್ನ ದನಿ ತೆಗೀರಿ ಹಂಗಾದ್ರ."

"ದನಿ ನಿಮ್ಮದಲ್ಲ, ಸಹಿ ಹಾಕಿದ್ದೀರಿ," ಎಂದು ಅವರು ಅಷ್ಟೇ ನಯವಾಗಿ ಹೇಳಿದರು.

"ಹಂಗಾದ್ರ ಒಂದು ಮಾತು ಸೇರಸ್ರಿ. ನಾನ ಹೇಳ್ತೀನಿ. ಆ ಮಕ್ಕಳಿಗೆ ಕೇಳಿಸ್ರಿ."

ಅದಕ್ಕೆ ಅವರು ಕೂಡಲೇ ಒಪ್ಪಿದರು. ನೀಲಾಂಬಿಕೆ ಮತ್ತೆ ಆ ಮೆತ್ತೆಯ ಕೋಣೆಯಲ್ಲಿ ಕೂತಳು. ಪರದೆಯ ಮೇಲೆ ಈ ಸಲ ಏನೂ ಇರಲಿಲ್ಲ. ಅವಳು ಹೇಳಿದಳು: "ಮಕ್ಕಳ, ನಾ ನಿಮ್ಮ ಅಕ್ಕೋರು. ನಿಮ್ಮ ಮನಿ ಮಂದಿಯ ಬ್ಯಾನಿಗೂ ನಿಮ್ಮ ಲೆಕ್ಕಕ್ಕೂ ಸಂಬಂಧ ಇಲ್ಲ. ನೀವು ತಪ್ಪಿದ್ರ ಯಾರೂ ಸಾಯಂಗಿಲ್ಲ. ನೀವು ಬರೋಬ್ಬರಿ ಮಾಡಿದ್ರ ಯಾರೂ ಉಳಿಯಂಗಿಲ್ಲ. ನಿಮ್ಮ ಮ್ಯಾಲೆ ಯಾವ ಭಾರಾನೂ ಇಲ್ಲ."

ಶನಿವಾರ ಮುಂಜಾನೆ ಆ ಮಾತು ಹಲಗೆಗಳಿಗೆ ಹೋಯಿತು. ಭಾನುವಾರ ಸಂಜೆ ಇಂಪನಾ ಫೋನು ಮಾಡಿದಳು. ನೀಲಾಂಬಿಕೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು.

"ಮೇಡಂ, ಅದು ಬಿಟ್ಟುಬಿಡ್ತು."

"ಏನು?"

"ನಿಮ್ಮ ಮಾತನ್ನ. ಅದನ್ನ ಕೇಳಿದ ಮಕ್ಕಳು ಲೆಕ್ಕ ಮಾಡೋದೇ ನಿಲ್ಲಿಸಿಬಿಟ್ರು. ಕೆಲವ್ರು ಅತ್ರು. ಹಲಗೆ ಅಂಕ ಇಳಿದದ್ದನ್ನ ಮಾತ್ರ ನೋಡ್ತು. ಉಪಯೋಗಕ್ಕೆ ಬಾರದ ವಾಕ್ಯ ಅಂತ ಗುರುತು ಹಾಕಿ ಕೆಳಗೆ ತಳ್ಳಿದೆ. ಮತ್ತೆ ಹಳೇ ಮಾತೇ ಶುರುವಾಗಿದೆ." ಇಂಪನಾ ದನಿ ತಗ್ಗಿಸಿದಳು. "ನಾನು ಬೇರೇನೂ ಮಾಡಕ್ಕಾಗಲ್ಲ ಮೇಡಂ. ನಿಮ್ಮೂರಿನ ಮಕ್ಕಳ ಹೆಸರು ಕಳಿಸ್ತೀನಿ. ನನ್ನ ಹೆಸರು ಎಲ್ಲೂ ಹೇಳ್ಬೇಡಿ."

ಮೂವತ್ತೇಳು ಹೆಸರು ಬಂದವು. ಮೊದಲನೆಯದು ಹುಲಿಗೆಮ್ಮ.

ಶರಣಪ್ಪ ಅವಳ ಕೈಯಿಂದ ಫೋನು ತೆಗೆದುಕೊಂಡು ಹೆಸರುಗಳನ್ನು ಓದಿದ. ಅದರಲ್ಲಿ ಪಕ್ಕದ ಮನೆಯ ಮಗುವೂ ಇತ್ತು. ಕಿಟಕಿಯಿಂದ ಅವನು ಕಿವಿಗೊಟ್ಟು ಕೇಳುತ್ತಿದ್ದದ್ದು ಆ ಮಗುವಿನ ಹಲಗೆಯನ್ನೇ. "ನನಗ ಮಾತು ಕೇಳತಿದ್ದಿಲ್ಲ. ಬರೇ ದನಿ ಕೇಳತಿತ್ತು," ಎಂದ. ಎದ್ದು ಹೋಗಿ ಕಿಟಕಿ ಹಾಕಿದ.

ಸೋಮವಾರ ಶಾಲೆ ಮುಗಿದ ಮೇಲೆ ನೀಲಾಂಬಿಕೆ ತಿಪ್ಪಣ್ಣನ ಮನೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಅದು ನಾನಲ್ಲ, ಯಂತ್ರ. ನನ್ನ ದನಿ ಕದ್ದು ಹಾಗೆ ಹೇಳಿತು ಎನ್ನಬೇಕು. ತಿಪ್ಪಣ್ಣ ಮಷೀನಿನ ಮುಂದೆ ಕೂತಿದ್ದ. ಜಿಪ್ಪು ಹಚ್ಚದ ಪ್ಯಾಂಟುಗಳು ಆಳುದ್ದ ಬಿದ್ದಿದ್ದವು. ಮೂಲೆಯಲ್ಲಿ ಹುಲಿಗೆಮ್ಮ ಗೋಡೆಗೆ ಮುಖ ಮಾಡಿ, ಸೀಮೆಸುಣ್ಣದಿಂದ ನೆಲದ ಮೇಲೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸುತ್ತಿದ್ದಳು. ಹೋದ ಸೋಮವಾರ ತಪ್ಪಿದ ಲೆಕ್ಕ.

ನೀಲಾಂಬಿಕೆ ಯಂತ್ರದ ವಿಷಯ ಹೇಳತೊಡಗಿದಳು. ತಿಪ್ಪಣ್ಣ ಅರ್ಧಕ್ಕೇ ತಡೆದ.

"ಗೊತ್ತಿತ್ರೀ ಅಕ್ಕೋರೆ. ಪಾಟಿ ಅಂದ ದಿನಾನ ಮಗಳು ಬಂದು ಹೇಳಿತ್ತು, ಹಿಂಗ ಮಾಡಿದ್ರ ಅವ್ವ ಆರಾಮ ಆಗ್ತಾಳಂತ. ದವಾಖಾನ್ಯಾಗ ಎಲ್ಲಾರೂ ಕೈ ಚೆಲ್ಲಿದ್ರು. ಇದೊಂದ ಆಗ್ತಾಳ ಅಂತಿತ್ತು. ಸರ್ಕಾರದ ಸಾಲ್ಯಾಗಿಂದು, ಮ್ಯಾಲೆ ನಿಮ್ಮ ದನಿ. ನನಗೂ ಲೆಕ್ಕ ಹೇಳಿಕೊಟ್ಟವರು ನೀವ ಅಲ್ರೀ. ನಂಬಿದೆ." ಅವನು ಮಷೀನಿನ ಮೇಲಿದ್ದ ಪ್ಯಾಂಟನ್ನು ಪಕ್ಕಕ್ಕೆ ಸರಿಸಿದ. "ದಿನಾ ಸಂಜಿಮುಂದ ಬಾಜೂಕ ಕುಂತು ಕೇಳ್ತಿದ್ದೆ, ಎಷ್ಟು ಬಂದ್ವು ಅಂತ. ಸೋಮಾರ ಎಂಟು ಅಂದ್ಲು. ನಾ... ನಾ ಕಪಾಳಕ್ಕ ಹೊಡದೆ ಅಕ್ಕೋರೆ. ಅವ್ವನ ಕೊಲ್ಲತೀಯೇನ ಅಂದೆ."

ಜೋಡಿಸಿಕೊಂಡಿದ್ದ ಮಾತನ್ನು ನೀಲಾಂಬಿಕೆ ಬಿಟ್ಟಳು. ಅವಳು ಹುಡುಗಿಯ ಪಕ್ಕ ನೆಲದ ಮೇಲೆ ಕೂತಳು.

"ಹುಲಿಗಿ, ಅದು ಸುಳ್ಳು. ಪಾಟಿ ಹೇಳಿದ್ದು ಸುಳ್ಳು."

"ನೀವು ಸುಳ್ಳು ಹೇಳಾಕತ್ತೀರಿ," ಎಂದಳು ಹುಡುಗಿ, ಕತ್ತು ತಿರುಗಿಸದೆ. "ಪಾಟಿ ಅಕ್ಕೋರು ಯಾಕ ಸುಳ್ಳು ಹೇಳ್ತಾರ? ಹತ್ತು ಬಂದ ದಿನ ಅವ್ವ ಗಂಜಿ ಕುಡೀತಿದ್ಲು. ನಾ ನೋಡೀನಿ."

ಯಂತ್ರದ ಮೇಲೆ ತಪ್ಪು ಹೊರಿಸಿದರೆ ಈ ಮಗುವಿಗೆ ಅರ್ಥವಾಗುವುದಿಲ್ಲ. ಅಪ್ಪನ ಮೇಲೆ ಹೊರಿಸಿದರೆ ಇರುವ ಒಬ್ಬನೂ ಹೋಗುತ್ತಾನೆ. ತಪ್ಪು ಎಲ್ಲಾದರೂ ಒಂದು ಕಡೆ ಇಳಿಯಲೇಬೇಕು, ಇಲ್ಲದಿದ್ದರೆ ಅದು ಈ ಎಳೇ ಬೆನ್ನನ್ನು ಬಿಡುವುದಿಲ್ಲ. ನೀಲಾಂಬಿಕೆ ಹುಡುಗಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಪಾಟಿ ಅಕ್ಕೋರು ಅಂದ್ರ ನಾನ. ನಾನ ಸುಳ್ಳು ಹೇಳಿದೆ. ನೀ ಚಂದಗೆ ಓದಲಿ ಅಂತ, ನನ್ನ ಸಾಲಿಗೆ ಹೆಸರು ಬರಲಿ ಅಂತ ಸುಳ್ಳು ಹೇಳಿದೆ. ನಿಮ್ಮವ್ವಗ ಗುಣ ಆಗೂ ಬ್ಯಾನಿ ಅಲ್ಲ ಅಂತ ನನಗ ಮೊದಲ ಗೊತ್ತಿತ್ತು. ನೀ ಸಾವಿರಕ್ಕ ಸಾವಿರ ಮಾಡಿದ್ರೂ ಆಕೀ ಹೋಗ್ತಿದ್ಲು. ತಪ್ಪು ನಂದು ಹುಲಿಗಿ. ನಿಂದಲ್ಲ, ನಿಮ್ಮಪ್ಪಂದಲ್ಲ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಮೊದಲ ಏಟು ಕೆನ್ನೆಗೆ ಬಿತ್ತು. ಆಮೇಲೆ ಎರಡೂ ಮುಷ್ಟಿಯಿಂದ ಎದೆಗೆ, ಭುಜಕ್ಕೆ, ಸಿಕ್ಕಲ್ಲಿಗೆ ಹೊಡೆಯತೊಡಗಿದಳು. ತಿಪ್ಪಣ್ಣ ಬಿಡಿಸಲು ಎದ್ದ. ನೀಲಾಂಬಿಕೆ ಬೇಡವೆಂದು ಕೈ ಮಾಡಿದಳು. ಕನ್ನಡಕ ಹಾರಿ ಪ್ಯಾಂಟುಗಳ ರಾಶಿಯ ಮೇಲೆ ಬಿತ್ತು. ಹೊಡೆಯುತ್ತ ಹೊಡೆಯುತ್ತ ಹುಡುಗಿಯ ಬಾಯಿಂದ "ಅವ್ವಾ" ಎಂಬ ಕೂಗು ಹೊರಟಿತು. ತಾಯಿ ಸತ್ತು ಏಳನೇ ದಿನ ಅವಳು ಮೊದಲ ಸಲ ಅತ್ತಳು. ಅಳುವಾಗ ನೀಲಾಂಬಿಕೆಯ ತೊಡೆಗೆ ಬೀಳಲಿಲ್ಲ, ಎದ್ದು ಓಡಿಹೋಗಿ ಅಪ್ಪನ ಕಾಲು ತಬ್ಬಿಕೊಂಡಳು.

"ಈಕೀನ ಹೊರಗ ಕಳಸಪ್ಪಾ. ನನಗ ಈಕಿ ಬ್ಯಾಡ."

ನೀಲಾಂಬಿಕೆ ಕನ್ನಡಕ ಹುಡುಕಿಕೊಂಡು ಹೊರಗೆ ಬಂದಳು.

ಮುಂದಿನ ಹನ್ನೆರಡು ದಿನ ಅವಳು ಅದೇ ಮಾತನ್ನು ಮನೆಯಿಂದ ಮನೆಗೆ ಹೇಳುತ್ತ ಹೋದಳು. ನಾನು ಸುಳ್ಳು ಹೇಳಿದೆ. ಕೆಲವು ಮಕ್ಕಳು ತಾಯಿಯ ಸೆರಗಿನ ಹಿಂದೆ ಅಡಗಿದರು. ಕೆಲವರು ಕಲ್ಲಿನಂತೆ ಕೂತರು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಬಾಗಿಲಿಗೆ ನೀರೆರಚಿ, "ಮಕ್ಕಳ ಹೊಟ್ಟೀಗೆ ಇಸ ಹಾಕಿದ್ಯಲ್ಲ, ನಿನ್ನ ನಾಲಿಗಿ ಬಿದ್ದು ಹೋಗಲಿ" ಎಂದು ಶಪಿಸಿದಳು. ನೀಲಾಂಬಿಕೆ ಎದುರು ಮಾತಾಡದೆ ಮುಂದಿನ ಮನೆಗೆ ನಡೆದಳು. ಊರವರು ಅರ್ಜಿ ಬರೆದರು. ಪರೀಕ್ಷೆಯ ಹೊಸ್ತಿಲಲ್ಲಿ ಮಕ್ಕಳ ಮನಸ್ಸು ಕೆಡಿಸಿದಳೆಂದು ಇಲಾಖೆಯ ಆದೇಶ ಬಂತು. ನಿವೃತ್ತಿಗೆ ಇನ್ನೂ ಎಂಟು ವರ್ಷವಿತ್ತು. ಅವಳನ್ನು ಕೆಲಸದಿಂದ ಅಮಾನತು ಮಾಡಿದರು.

ಅದೇ ವಾರ ಹಲಗೆಯ ದನಿ ಬದಲಾಯಿತು. ಅವಳ ಹೆಸರಿಗೆ ಕಳಂಕ ತಟ್ಟಿದ್ದರಿಂದ ಕಂಪನಿಯೇ ಬದಲಾಯಿಸಿತು. ಹಾವೇರಿ ಕಡೆಯ ಒಬ್ಬ ಮೇಷ್ಟ್ರ ದನಿ, ಗಂಭೀರವಾದದ್ದು, ನಂಬಿಕೆ ಹುಟ್ಟಿಸುವಂಥದ್ದು. ವಾಕ್ಯಗಳು ಹಳೆಯವೇ. ಪರೀಕ್ಷೆ ಮುಗಿಯಿತು, ಫಲಿತಾಂಶ ಹಿಂದೆಂದಿಗಿಂತ ಚೆನ್ನಾಗಿ ಬಂತು. ನಲವತ್ತೇಳನೇ ಗುಂಪನ್ನು ಯಾರೂ ತೆಗೆಯಲಿಲ್ಲ. ಇಂಪನಾ ಕೆಲಸ ಬಿಟ್ಟಳೆಂದು ಆಮೇಲೆ ತಿಳಿಯಿತು. ಹುಲಿಗೆಮ್ಮ ಪರೀಕ್ಷೆಗೆ ಕೂರಲಿಲ್ಲ. ಅಪ್ಪನ ಪಕ್ಕದಲ್ಲಿ ದಾರ ಕತ್ತರಿಸುತ್ತ ಕೂತಿರುತ್ತಾಳೆ, ಅನ್ನ ತಿನ್ನುತ್ತಾಳೆ, ಲೆಕ್ಕದ ಮಾತೆತ್ತಿದರೆ ಎದ್ದು ಹೋಗುತ್ತಾಳೆ ಎಂದು ಬಡಿಸುವ ಹೆಂಗಸು ಹೇಳಿದಳು. ನೀಲಾಂಬಿಕೆ ಆ ಬೀದಿಯಲ್ಲಿ ಕಾಲಿಡಲಿಲ್ಲ.

ಪಟ್ಟಿಯಲ್ಲಿ ಕೊನೆಯದು ಶಮೀಮ್ ಎಂಬ ಹುಡುಗಿ, ಏಳನೇ ತರಗತಿ. ಮನೆ ಮಂದಿ ಮದುವೆಗೆಂದು ಬೇರೆ ಊರಿಗೆ ಹೋಗಿದ್ದರಿಂದ ಆ ಮನೆಯೊಂದು ಉಳಿದುಹೋಗಿತ್ತು. ಏಪ್ರಿಲ್‌ನ ಒಂದು ಸಂಜೆ ನೀಲಾಂಬಿಕೆ ಅಲ್ಲಿಗೆ ಹೋದಾಗ ಹುಡುಗಿ ಹೊರಗಿನ ಮೆಟ್ಟಿಲ ಮೇಲೆ ಕೂತು ಹಲಗೆಯಲ್ಲಿ ಲೆಕ್ಕ ಮಾಡುತ್ತಿದ್ದಳು. ಪರೀಕ್ಷೆ ಮುಗಿದ ಮೇಲೂ ಮಾಡುತ್ತಿದ್ದಳು. ಒಳಗೆ ಅವಳ ತಂದೆ ಕೆಮ್ಮುತ್ತಿದ್ದ. ಅವನೂ ಮರಳು ಊದಿದವನೇ. ಕೆಮ್ಮು ಮುಗಿದ ಮೇಲೆ ಉಸಿರು ತಿರುಗುವವರೆಗೂ ಬೀದಿಯೇ ಕಾಯುತ್ತಿರುವಂತೆ ಅನಿಸುತ್ತಿತ್ತು.

"ಶಮೀಮ್, ನಿನಗೊಂದು ಮಾತು ಹೇಳಬೇಕಿತ್ತವ್ವಾ. ನಾ ಸುಳ್ಳು..."

"ಗೊತ್ತೈತ್ರಿ ಅಕ್ಕೋರೆ," ಎಂದಳು ಹುಡುಗಿ. ಕಿವಿಯಿಂದ ಜೋಡು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಎಲ್ಲಾರ ಮನೀಗೂ ಹೋಗಿ ಹೇಳೀರಂತ. ನನಗ ಅದಕ್ಕೂ ಮೊದಲ ಗೊತ್ತಿತ್ತು. ಹತ್ತಕ್ಕ ಹತ್ತು ನಲವತ್ತು ಸಲ ಬಂದೈತಿ. ಅಪ್ಪ ಹಂಗ ಅದಾನ."

"ಗೊತ್ತಿದ್ದೂ ಯಾಕ ಕೇಳ್ತಿ?"

ಹುಡುಗಿ ಒಮ್ಮೆ ಒಳಬಾಗಿಲ ಕಡೆ ನೋಡಿದಳು.

"ಮನ್ಯಾಗ ಯಾರೂ ಅಪ್ಪನ ಬಗ್ಗೆ ಮಾತಾಡಂಗಿಲ್ರಿ. ನಾ ಹೋದ ಕೂಡಲೆ ಸುಮ್ಮನಾಗ್ತಾರ. ಸಾಲ್ಯಾಗ ನೀವೂ ಒಂದಿನ ಕೇಳಲಿಲ್ಲ. ಅದೊಂದ ದಿನಾ ಕೇಳ್ತೈತಿ, ಅಪ್ಪ ಹೆಂಗದಾನ ಅಂತ." ಅವಳು ಜೋಡಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವ ಹೇಳ್ರಿ ಅಕ್ಕೋರೆ. ಅಪ್ಪ ಸಾಯ್ತಾನೇನ್ರಿ?"

ನೀಲಾಂಬಿಕೆ ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಹಣೆಬರಹ, ದೇವರು, ಹೊಸ ಔಷಧ, ಇಂಥ ನೂರು ಮಾತು ನಾಲಿಗೆಯ ತುದಿಗೆ ಬಂದವು. ಯಾವುದನ್ನಾದರೂ ಹೇಳಬಹುದಿತ್ತು. ಹುಡುಗಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

"ಹೌದವ್ವಾ," ಎಂದಳು ನೀಲಾಂಬಿಕೆ. "ಈ ಬ್ಯಾನಿಗೆ ಔಷಧ ಇಲ್ಲ. ಯಾವಾಗ ಅಂತ ನನಗ ಗೊತ್ತಿಲ್ಲ."

ಶಮೀಮ್ ತಲೆಯಾಡಿಸಿದಳು. ತುಟಿ ಬಿಗಿಹಿಡಿದಳು. ಒಳಗೆ ಮತ್ತೆ ಕೆಮ್ಮು ಶುರುವಾಯಿತು. ಅವಳು ಎದ್ದುಹೋಗಿ ನೀರು ಕುಡಿಸಿ, ತಂದೆಯ ಬೆನ್ನು ತಿಕ್ಕಿ, ಅವನ ಉಸಿರು ತಿರುಗಿದ ಮೇಲೆ ಹೊರಗೆ ಬಂದಳು. ಹಲಗೆಯನ್ನು ಎತ್ತಿ ಆ ಕಡೆಗಿಟ್ಟು, ಮೆಟ್ಟಿಲ ಮೇಲೆ ಒತ್ತರಿಸಿ ಕೂತು ಜಾಗ ಮಾಡಿದಳು.

"ಕುಂದರ್ರಿ. ಅವ್ವ ಕೆಲಸದಿಂದ ಬರೂತನ ಇರ್ರಿ."

ನೀಲಾಂಬಿಕೆ ಕೂತಳು.